ದಯವಿಟ್ಟು ಮುಟ್ಟಿ

ನೆಲ ಸರಿಯಾಗಿ ನಡುಗುತ್ತಿರಲಿಲ್ಲ. ಚಂದ್ರಹಾಸ ಅಡ್ಡ ಮಲಗಿ, ಹಲಗೆಗೆ ಕಿವಿ ಹಚ್ಚಿ, ಅಡಿಯಲ್ಲಿದ್ದ ಮೋಟಾರು ತಡವರಿಸುವ ಸದ್ದನ್ನು ಕೇಳುತ್ತಿದ್ದ. ಬೆಟ್ಟ ಸಿಡಿದಾಗ ಕಾಲಡಿ ಏನಾಗುತ್ತದೆಂದು ಈ ಪುಟ್ಟ ಕೋಣೆಯೊಳಗೆ ಬಂದು ನಿಂತವರಿಗೆ ಗೊತ್ತಾಗಬೇಕು. ಮುದುಕರು ಬೀಳಬಾರದು, ಮಕ್ಕಳು ನಗಬಾರದು, ಅಂಥ ಹದದಲ್ಲಿ ನಡುಗಬೇಕು. ಎರಡು ವರ್ಷದ ಹಿಂದೆ ಹೊರಗಿನ ನಿಜವಾದ ಬೆಟ್ಟ ಬೂದಿ ಉಗುಳಿದ ಮೇಲೆ, ಅದರ ಬುಡದಲ್ಲಿ ಧೂಳು ಹಿಡಿದು ಕೂತಿದ್ದ ಈ ಸಂದರ್ಶಕ ಕೇಂದ್ರಕ್ಕೆ ಜನರೂ ಬಂದರು, ಸರ್ಕಾರದ ಹಣವೂ ಬಂತು. ಗುಂಡಿ ಒತ್ತಿದರೆ ಕೆಂಪು ಬಲ್ಬು ಹತ್ತುವ ಹಳೆಯ ಬೆಟ್ಟದ ಮಾದರಿಗಳನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಆಕ್ಲೆಂಡಿನ ಅವನ ಕಂಪನಿಗೆ ಸಿಕ್ಕಿತು. ಸೋಮವಾರದಿಂದ ಶುಕ್ರವಾರದವರೆಗೆ ಇಲ್ಲಿ ಬ್ಯಾಚ್ ಎಂದು ಕರೆಯುವ ಪುಟ್ಟ ಬಾಡಿಗೆ ಮನೆಯಲ್ಲಿ ವಾಸ, ಶನಿವಾರ ಭಾನುವಾರ ಆಕ್ಲೆಂಡಿನ ಹಿಲ್ಸ್‌ಬರೋದ ಮನೆ. ಈ ಶನಿವಾರ ಮಾತ್ರ ಹೋಗುವಂತಿಲ್ಲ. ಅಂದು ಬೆಳಗಿನ ಜಾವ ಊರಿನ ಮೂಲನಿವಾಸಿ ಮಾವೊರಿ ಹಿರಿಯರು ಬಂದು ಪ್ರಾರ್ಥನೆ ಮಾಡಿದ ಮೇಲೆ ಕೇಂದ್ರದ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ನೆಲ ನಡುಗಬೇಕು.

ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಮಲಗಿದಲ್ಲಿಂದ ಅವನಿಗೆ ಹಾಲ್‌ನಲ್ಲಿ ನಿಂತವರ ಕಾಲುಗಳಷ್ಟೇ ಕಾಣುತ್ತಿದ್ದವು. ಕೇಂದ್ರದ ಮ್ಯಾನೇಜರ್ ಕಾಲಿನ್‌ನ ಬೂಟು, ಅದರ ಎದುರು ಊದಿಕೊಂಡ ಎರಡು ಪಾದಗಳಿಗೆ ತೊಡಿಸಿದ ಕಪ್ಪು ಚಪ್ಪಲಿ. ಆ ಕಾಲು ಆಂಟಿ ಹುಹಾನಾಳದ್ದು. ಹಿರಿಯರ ಪರವಾಗಿ ಈ ಕೆಲಸವನ್ನು ನೋಡಿಕೊಳ್ಳುವವಳು ಅವಳೇ. ಊರಿಗೆಲ್ಲ ಆಂಟಿ, ಹಾಗಾಗಿ ಇವರಿಗೂ ಆಂಟಿ. ನಾಲ್ಕೂ ಕಾಲುಗಳು ಹಾಲ್‌ನ ನಟ್ಟನಡುವೆ ಪೀಠವಾಗಿ ನಿಲ್ಲಿಸಿದ್ದ ಮರದ ಬುಡದ ಕಡೆಗೆ ತಿರುಗಿದ್ದವು. ಆ ಬುಡದ ಮೇಲಿನ ಕುಳಿ ಖಾಲಿಯಾಗಿದೆ ಎಂದು ಚಂದ್ರಹಾಸನಿಗೆ ನೋಡದೆಯೂ ಗೊತ್ತು. ದನಿ ತಗ್ಗಿಸಿ ಮಾತಾಡುತ್ತಿದ್ದರು. ತಾನು ಒಳಗಿದ್ದೇನೆ ಎಂದು ತಿಳಿದೇ ದನಿ ತಗ್ಗಿಸಿರಬೇಕು. ಮೋಟಾರನ್ನು ಆರಿಸಿದರೆ ಕೇಳಿಸೀತು. ಆದರೆ ಆರಿಸಿದ್ದು ಅವರಿಗೂ ಕೇಳಿಸೀತು. ಅವನು ಹಾಗೇ ಬಿದ್ದುಕೊಂಡು, ಕೆನ್ನೆಯ ಮೂಳೆಯವರೆಗೂ ನಡುಗುತ್ತ, ಕಾಲುಗಳನ್ನು ನೋಡಿದ.

ಆ ಬುಡದ ಮೇಲೆ ಇದ್ದದ್ದು ಒಂದು ಕಲ್ಲು. ಬೆಟ್ಟ ಎಂದೋ ಉಗುಳಿದ್ದು, ಗಾಳಿಯಲ್ಲಿ ಸುತ್ತಿ ಸುತ್ತಿ ಉರುಟಾದದ್ದು, ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದು. ಮೈತುಂಬ ಸಣ್ಣ ತೂತುಗಳಿದ್ದರೂ ಮೇಲ್ಭಾಗ ಮಾತ್ರ ನಯವಾಗಿತ್ತು, ಯಾಕೆಂದರೆ ಪಕ್ಕದಲ್ಲೇ ‘ದಯವಿಟ್ಟು ಮುಟ್ಟಿ’ ಎಂಬ ಹಿತ್ತಾಳೆಯ ಹಲಗೆಯಿತ್ತು. ಇಡೀ ಕೇಂದ್ರದಲ್ಲಿ ಮುಟ್ಟಿ ಎಂದು ಹೇಳುತ್ತಿದ್ದ ಹಲಗೆ ಅದೊಂದೇ. ಅದರ ಸ್ಕ್ರೂ ಬಿಚ್ಚಿದವನು ಚಂದ್ರಹಾಸ. ಬುಡಕ್ಕೆ ಪಾಲಿಶ್ ಹೊಡೆಯಬೇಕೆಂದು ಕಲ್ಲನ್ನು ಇಳಿಸಿ ಬಾಗಿಲ ಬಳಿ ಇಟ್ಟವನು ಜೊತೆಗೆ ಕೆಲಸ ಮಾಡುವ ಆದರ್ಶ್. ಅಲ್ಲಿ ಒಡೆದ ಪ್ಲಾಸ್ಟರಿನ ಬೆಟ್ಟ, ಫೈಬರಿನ ಬಂಡೆಗಳು, ಲಾವಾ ಎಂದು ಕೆಂಪು ಬಳಿದ ಫೋಮು ಎಲ್ಲ ಕಸದ ಲಾರಿಗಾಗಿ ಕಾಯುತ್ತ ಬಿದ್ದಿದ್ದವು. ಅವುಗಳ ನಡುವೆ ಈ ಒಂದೇ ನಿಜವಾದ ಕಲ್ಲು. ಹೊಸ ನಕ್ಷೆಯಲ್ಲಿ ಬುಡದ ಮೇಲೆ ಬರೀ ಒಂದು ವೃತ್ತವಿತ್ತು, ಹೆಸರಿರಲಿಲ್ಲ. ಗೊತ್ತಿರಲಿಲ್ಲ ಎನ್ನಲಾಗದು, ಕೇಳಲಿಲ್ಲ ಎನ್ನಬಹುದು. ಅದೇ ವಾರ ಊರಿನಿಂದ ಅಮ್ಮ ಸ್ಕೈಪಿನಲ್ಲಿ ಅವನ ಹೆಂಡತಿ ಕೃತಿಗೆ ಮಿಡಿ ಉಪ್ಪಿನಕಾಯಿ ಹೇಳಿಕೊಡುತ್ತಿದ್ದಳು. ಮಾವಿನ ಮಿಡಿ ಇಲ್ಲಿ ಎಲ್ಲಿಂದ ಬರಬೇಕು; ಚಳಿ ಶುರುವಾಗುವ ಮುಂಚೆ ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಉದುರಿ ಬೀಳುವ, ಜನ ಚೀಲಗಟ್ಟಲೆ ತಂದು ಬಾಗಿಲಲ್ಲಿಟ್ಟು ಹೋಗುವ ಫೀಜೋವಾ ಕಾಯಿ ಇತ್ತು. ಎಳೆಯದನ್ನು ಆರಿಸಿ ಉಪ್ಪಿನಲ್ಲಿ ಹಾಕು, ಮೇಲೆ ತಟ್ಟೆ ಮುಚ್ಚಿ ಭಾರದ ಕಲ್ಲಿಡು, ಪ್ಲಾಸ್ಟಿಕ್ಕು ಗೀಸ್ಟಿಕ್ಕು ಇಡಬೇಡ ಎಂದಿದ್ದಳು ಅಮ್ಮ. ಆಮೇಲಿನ ಸೋಮವಾರದಿಂದ ಚಂದ್ರಹಾಸನ ಕಣ್ಣು ಕಲ್ಲಿನ ಮೇಲೇ.

ಅಷ್ಟು ಒಳ್ಳೆಯ ಕಲ್ಲನ್ನು ಕಸಕ್ಕೆ ಯಾರಾದರೂ ಹಾಕುತ್ತಾರೆಯೇ ಎಂದುಕೊಂಡ. ಬಗ್ಗಿದ. ಆಮೇಲೆ ನೆಟ್ಟಗಾಗಿ ಸುತ್ತ ನೋಡಿದ. ಮತ್ತೆ ಬಗ್ಗಿ ಎತ್ತಿಕೊಂಡ.

ಈಗ ಅವನನ್ನು ತಿನ್ನುತ್ತಿದ್ದದ್ದು ಆ ನಡುವಿನ ಗಳಿಗೆ. ಕಸವಾಗಿದ್ದರೆ ಸುತ್ತ ನೋಡಿದ್ದೇಕೆ? ಕಾರಿನ ಡಿಕ್ಕಿಯಲ್ಲಿಟ್ಟು ಮೇಲೆ ಜಾಕೆಟ್ ಹೊದಿಸಿದ್ದೇಕೆ? ಎಲ್ಲಿ ಸಿಕ್ಕಿತೋ ಎಂದು ಕೃತಿ ಕೇಳಿದಾಗ, ಬೀಚಿನಲ್ಲಿ ಎಂದು ಬಾಯಿಗೆ ಬಂದದ್ದು ಹೇಗೆ? ಕೆಲಸ ಶುರುವಾಗುವ ದಿನ ಆಂಟಿ ಹುಹಾನಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದು ಎರಡೇ ನಿಯಮ. ಈ ಹಾಲ್‌ನೊಳಗೆ ತಿನ್ನುವ ವಸ್ತು ತರಬೇಡಿ, ನಿಮ್ಮ ಊಟದ ಡಬ್ಬಿಯನ್ನೂ ಇಲ್ಲಿ ಇಡಬೇಡಿ. ಹೊರಗೆ ಹೋಗುವಾಗ ಬಾಗಿಲಲ್ಲಿರುವ ನೀರಿನಿಂದ ಕೈ ತೊಳೆದುಕೊಳ್ಳಿ. ಅಲ್ಲಿ ಮುಚ್ಚಳಕ್ಕೆ ತೂತು ಮಾಡಿದ ಒಂದು ನೀರಿನ ಬಾಟಲಿ ಇತ್ತು. ಕಲ್ಲು ತಮ್ಮ ಹಿರಿಯರಲ್ಲಿ ಒಬ್ಬನಿದ್ದಂತೆ ಎಂದಿದ್ದಳು. ಉಳಿದವರು ಸುಮ್ಮನೆ ತಲೆಯಾಡಿಸಿದಾಗ ಚಂದ್ರಹಾಸ ಮುಂದೆ ಬಂದು, ನಮ್ಮಲ್ಲೂ ಹೀಗೇ, ನಮ್ಮ ಅಜ್ಜಿ ಮಡಿಯಲ್ಲಿದ್ದಾಗ ಅನ್ನ ಮುಟ್ಟಿದ ಕೈಯಿಂದ ಯಾವುದನ್ನೂ ಮುಟ್ಟಲು ಬಿಡುತ್ತಿರಲಿಲ್ಲ ಎಂದು ಹೇಳಿದ್ದ. ಹೇಳಿ ಹೆಮ್ಮೆಪಟ್ಟಿದ್ದ. ಅವಳು ಅವನ ಭುಜದ ಮೇಲೆ ಕೈಯಿಟ್ಟು, ಹಾಗಾದರೆ ನಿನಗೆ ಗೊತ್ತು ಎಂದಿದ್ದಳು.

ಬೂಟುಗಳು ಕೋಣೆಯ ಕಡೆಗೆ ತಿರುಗಿದವು. ಚಂದ್ರಹಾಸ ಎದ್ದು, ಅಂಗಿಯ ಧೂಳು ಕೊಡವಿಕೊಂಡು, ಅವರು ಕರೆಯುವ ಮೊದಲೇ ಹೊರಗೆ ಬಂದ. ಕರೆಯುವ ಮೊದಲೇ ಬಂದದ್ದು ತಪ್ಪಾಯಿತೆಂದು ಬಂದಮೇಲೆ ಅನ್ನಿಸಿತು. ಕಾಲಿನ್ ನಗುತ್ತಲೇ ವಿಷಯ ಹೇಳಿದ. ಕೆಲಸ ಶುರುವಾಗುವ ಮೊದಲು ಕಲ್ಲನ್ನು ಪ್ರಾರ್ಥನೆ ಮಾಡಿ ಊರಿನ ಹಿರಿಯರ ಮನೆಗೆ ಒಯ್ಯಬೇಕಿತ್ತು. ಆಂಟಿಯ ಮನೆತನದಲ್ಲಿ ಸಾವಾಗಿ ಎಲ್ಲ ಮುಂದಕ್ಕೆ ಹೋಯಿತು. ಕಲ್ಲು ಸ್ಟೋರ್‌ರೂಮಿನಲ್ಲಿದೆ ಎಂದು ನಾನು ತಿಳಿದಿದ್ದೆ, ಅಲ್ಲಿಲ್ಲ. ಕಸ ಹೋದ ದಿನ ಯಾರು ಯಾರು ಇದ್ದರು ಎಂದು ನಿನಗೇನಾದರೂ ನೆನಪಿದೆಯೇ? ಆಂಟಿ ಹುಹಾನಾ ಏನನ್ನೂ ಕೇಳಲಿಲ್ಲ. ಅವಳು ಚಂದ್ರಹಾಸನ ಕೈಗಳನ್ನು ನೋಡುತ್ತಿದ್ದಳು. ಅಥವಾ ಅವನ ಕೈಯಲ್ಲಿದ್ದ ಸ್ಪ್ಯಾನರನ್ನು.

ಲಾರಿ ತುಂಬಿದ ಮೇಲೆ ಉಳಿದದ್ದನ್ನು ಹೇಮಿ ತನ್ನ ತೆರೆದ ಸಾಮಾನುಗಾಡಿ ಯೂಟ್‌ನಲ್ಲಿ ಒಯ್ದ ಎಂದು ಚಂದ್ರಹಾಸ ಹೇಳಿದ. ಬಾಗಿಲ ಬಳಿ ಇದ್ದದ್ದನ್ನೇ? ಹೌದು, ಬಾಗಿಲ ಬಳಿ ಇದ್ದದ್ದನ್ನು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹೇಮಿ ಊರಿನವನೇ, ನಲವತ್ತು ದಾಟಿದ ಆಳು, ಕೇಂದ್ರಕ್ಕೆ ಸಾಮಾನು ತರುವುದು ಒಯ್ಯುವುದು ಅವನ ಕೆಲಸ, ಆಂಟಿಗೆ ದೂರದ ಸಂಬಂಧ. ಹಿಂದೆ ಒಮ್ಮೆ ಏನೋ ತಾಮ್ರದ ಪೈಪು ಕಾಣೆಯಾದಾಗ ಅವನ ಹೆಸರು ಬಂದಿತ್ತಂತೆ. ಕಾಲಿನ್ ಒಮ್ಮೆ ಬಿಯರ್ ಕುಡಿಯುತ್ತ ಹೇಳಿದ್ದ. ಅದು ಚಂದ್ರಹಾಸನಿಗೆ ನೆನಪಿತ್ತು. ನೆನಪಿದ್ದದ್ದರಿಂದಲೇ ಆ ಹೆಸರು ಅಷ್ಟು ಸಲೀಸಾಗಿ ಬಂತೋ ಏನೋ. ಕಾಲಿನ್ ಆಂಟಿಯ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಡುತ್ತಿರುವುದು ಕಾಣುತ್ತಿತ್ತು. ಆಂಟಿ ಮಾತ್ರ ಬುಡದ ಕುಳಿಯಲ್ಲಿ ಕೈಯಾಡಿಸಿ, ಬಾಗಿಲಿಗೆ ಹೋಗಿ, ಬಾಟಲಿ ತೆಗೆದುಕೊಂಡು ಕೈ ತೊಳೆದಳು.

ಊಟಕ್ಕೆ ಹೊರಗಿನ ಬೆಂಚಿನಲ್ಲಿ ಕೂತಾಗ ಆದರ್ಶ್ ಚಂದ್ರಹಾಸನ ಡಬ್ಬಿಯಿಂದ ಫೀಜೋವಾ ಉಪ್ಪಿನಕಾಯಿಯ ಹೋಳೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಧಾರವಾಡದವನು, ಡನೀಡಿನ್‌ನ ವಿಶ್ವವಿದ್ಯಾಲಯದಲ್ಲಿ ಇವನಿಗಿಂತ ಒಂದು ವರ್ಷ ಹಿಂದಿದ್ದವನು, ಈಗ ಇಬ್ಬರಿಗೂ ಒಂದೇ ಹುದ್ದೆ, ಮುಂದಿನ ಪ್ರಾಜೆಕ್ಟಿನಲ್ಲಿ ಇಬ್ಬರಲ್ಲಿ ಒಬ್ಬ ಲೀಡ್ ಆಗುವವನು. ಬೆಟ್ಟದ ತುದಿ ಮೋಡದಲ್ಲಿತ್ತು. ಗಾಳಿಗೆ ಒಣಹುಲ್ಲು ಒಂದೇ ಕಡೆ ಮಲಗಿತ್ತು.

“ಒಂದ್ ಮಾತ್ ಹೇಳ್ಲೇನ್ರಿ ಸಾಹೇಬ್ರ,” ಎಂದ ಆದರ್ಶ್, ಬೆರಳು ನೆಕ್ಕುತ್ತ. “ಈ ಉಪ್ಪಿನಕಾಯಿ ಇಷ್ಟ್ ಛೊಲೊ ಆಗಾಕ ಖಾರಾ ಅಲ್ಲ ಕಾರಣ. ಮ್ಯಾಲಿನ ಭಾರ.”

“ಎಂತ ಭಾರ ಮಾರಾಯ?”

“ಅದರಿ, ನಿಮ್ಮ ಮನ್ಯಾಗ ಜಾಡಿ ಒಳಗ ಇತ್ತಲ್ಲ. ಕೃತಿ ಅವರು ಅರಿವಿ ಸರಿಸಿ ತೋರ್ಸಿದ್ರು.”

ಅಷ್ಟು ಹೇಳಿ ಅವನು ಚಪಾತಿ ಮುರಿದ. ಹಿಂದಿನ ಭಾನುವಾರ ಆದರ್ಶ್ ಹಿಲ್ಸ್‌ಬರೋಗೆ ಊಟಕ್ಕೆ ಬಂದಿದ್ದ. ಅಡುಗೆಮನೆಯಲ್ಲಿ ಕೃತಿಯೊಡನೆ ನಿಂತು ಮಾತಾಡಿದ್ದ. ಆಗ ಅವನ ನಗು ಕೇಳಿಸಿತ್ತು, ಮಾತು ಕೇಳಿಸಿರಲಿಲ್ಲ. ಉಪ್ಪುನೀರಿನಲ್ಲಿ ಮುಳುಗಿದ್ದರೂ ನಯವಾದ ಮೇಲ್ಭಾಗ ಕಾಣುತ್ತಿರಲಿಲ್ಲವೇ? ಬುಡದಿಂದ ಅದನ್ನು ಎದೆಗವಚಿ ಇಳಿಸಿದವನು ಅದನ್ನು ಗುರುತಿಸದೆ ಇದ್ದಾನೆಯೇ? ಗುರುತಿಸಿದ್ದರೆ ಈವರೆಗೆ ಸುಮ್ಮನಿದ್ದದ್ದು ಯಾಕೆ? ಗೆಳೆತನದಿಂದ ಸುಮ್ಮನಿದ್ದರೆ ಈಗ ಎತ್ತಿದ್ದು ಯಾಕೆ? ಚಂದ್ರಹಾಸ ಅವನ ದವಡೆ ಆಡುವುದನ್ನೇ ನೋಡಿದ. ಎಲ್ಲವನ್ನೂ ಬಲ್ಲವನು ಹೀಗೆ ನೆಮ್ಮದಿಯಾಗಿ ಅಗಿಯುತ್ತಾನೆ. ಏನನ್ನೂ ಅರಿಯದವನೂ ಹೀಗೆಯೇ ಅಗಿಯುತ್ತಾನೆ. ಇನ್ನೊಂದು ಹೋಳು ತಗೋ ಎಂದು ಡಬ್ಬಿಯನ್ನು ಅವನ ಮುಂದೆ ಸರಿಸಿದ, ಮತ್ತೆ ಹಾಗೆ ಸರಿಸಿದ್ದು ಲಂಚದ ಹಾಗೆ ಕಂಡೀತು ಎಂದು ಮುಚ್ಚಳ ಮುಚ್ಚಿದ. ಆದರ್ಶ್ ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಹೇಮಿಗೆ ನಾಳೆಯಿಂದ ಬರಬೇಡ ಎಂದು ಕಾಲಿನ್ ಹೇಳುತ್ತಾನಂತೆ, ಪಾಪ, ಎಂದ.

ಕಾರಿನೊಳಗೆ ಕೂತು, ಕಿಟಕಿ ಏರಿಸಿ, ಚಂದ್ರಹಾಸ ಕೃತಿಗೆ ಫೋನ್ ಮಾಡಿದ. ಕಲ್ಲನ್ನು ಜಾಡಿಯಿಂದ ತೆಗೆದು ಚೆನ್ನಾಗಿ ತೊಳೆದು ಇಡು, ನಾಳೆ ಬರುವಾಗ ತಾ ಎಂದ. ಶನಿವಾರದ ಪ್ರಾರ್ಥನೆಗೆ ಮನೆಯವರನ್ನೂ ಕರೆದಿದ್ದರು. ಅವಳು ಹೇಗೂ ಬರುವವಳಿದ್ದಳು. ಯಾಕೆ ಎಂದಳು. ಗಂಧಕ ಇರಬಹುದು, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದ. ಅವಳು ಮೈಸೂರಿನಲ್ಲಿ ಫಾರ್ಮಸಿ ಓದಿದವಳು, ಮೌಂಟ್ ಆಲ್ಬರ್ಟಿನ ಔಷಧಿ ಅಂಗಡಿಯಲ್ಲಿ ದಿನವಿಡೀ ಜನರ ಸುಳ್ಳು ನೋವುಗಳನ್ನು ಕೇಳುವವಳು.

“ಬೀಚಲ್ಲಿ ಸಿಕ್ಕಿದ ಕಲ್ಲಲ್ಲಿ ಗಂಧಕ ಎಲ್ಲಿಂದ ಬಂತೋ?” ಎಂದಳು. ಅವನು ಸಿಗ್ನಲ್ ಇಲ್ಲ ಎಂದ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಆ ಮಧ್ಯಾಹ್ನವೂ ಮರುದಿನವೂ ನೆಲದ ಕೆಳಗೆಯೇ ಕಳೆದವು. ಬೋಲ್ಟು ಬಿಗಿ ಮಾಡಿದರೆ ನಡುಕ ಮಾಯವಾಗುತ್ತಿತ್ತು, ಸಡಿಲಿಸಿದರೆ ಇಡೀ ಕೋಣೆ ಗಡಗಡ ಅನ್ನುತ್ತಿತ್ತು. ಹಾಲ್‌ನಲ್ಲಿ ಯಾರು ನಡೆದರೂ ಅವನು ಹೆಜ್ಜೆಯನ್ನು ಅಳೆಯುತ್ತಿದ್ದ. ಕಾಲಿನ್ ಎರಡು ಸಲ ಬಂದು ಬರೀ ಮೋಟಾರಿನ ಬಗ್ಗೆ ಕೇಳಿ ಹೋದ. ಬರೀ ಮೋಟಾರಿನ ಬಗ್ಗೆ ಕೇಳಲು ಎರಡು ಸಲ ಬರಬೇಕೇ? ಬಾಗಿಲಲ್ಲಿ ನೀರಿನ ಬಾಟಲಿ ತುಂಬಿತ್ತು. ಮೊದಲ ವಾರದ ನಂತರ ತಾನು ಅದನ್ನು ಮುಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು. ಈಗ ತೊಳೆದುಕೊಂಡರೆ ಯಾರಾದರೂ ಗಮನಿಸುತ್ತಾರೆ. ತೊಳೆದುಕೊಳ್ಳದೆ ಹೋದರೂ ಗಮನಿಸುತ್ತಾರೆ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಹೊರಬಿದ್ದ.

ಶುಕ್ರವಾರ ಸಂಜೆ ಕೃತಿಯ ಕಾರು ಬಂದು ಬ್ಯಾಚ್‌ನ ಮುಂದೆ ನಿಂತಿತು. ಪಕ್ಕದ ಸೀಟಿನಲ್ಲಿ ಕಲ್ಲು, ಸ್ನಾನದ ಟವೆಲಿನಲ್ಲಿ ಸುತ್ತಿಕೊಂಡು, ಸೀಟ್‌ಬೆಲ್ಟ್ ಕಟ್ಟಿಕೊಂಡು ಕೂತಿತ್ತು. ಅವನು ಬಾಗಿಲು ತೆರೆದು ನೋಡುತ್ತಲೇ ನಿಂತ.

“ಬೆಲ್ಟ್ ಹಾಕ್ದೆ ಕಣೋ, ಇಲ್ದಿದ್ರೆ ಕಾರು ದಾರಿಯುದ್ದಕ್ಕೂ ಕಿರುಚ್ತಿತ್ತು. ಫೀಜೋವಾನೆಲ್ಲ ಮಣ್ಣಿಗೆ ಹಾಕ್ದೆ.” ಅವಳು ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡಳು. “ಯಾರದು ಇದು?”

“ಯಾರದ್ದೂ ಅಲ್ಲ.”

“ಯಾರದ್ದೂ ಅಲ್ಲದ್ದನ್ನ ವಾಪಸ್ ಯಾಕೆ ತರಿಸ್ಕೊಂಡೆ?”

ಅವನು ಬೆಲ್ಟ್ ಬಿಚ್ಚಿದ. ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡ. ಬೇರೆ ಯಾವ ರೀತಿಯಲ್ಲೂ ಅದನ್ನು ಎತ್ತಲು ಬರುತ್ತಿರಲಿಲ್ಲ. ಕೃತಿ ಸಹಾಯಕ್ಕೆ ಬರಲಿಲ್ಲ, ತಡೆಯಲೂ ಇಲ್ಲ. ಅದನ್ನು ಹೊತ್ತು ಕೇಂದ್ರಕ್ಕೆ ಬಂದಾಗ ಹೊರಗೆ ಹೇಮಿಯ ಯೂಟ್ ನಿಂತಿತ್ತು. ಅವನಿಗೆ ಬರಬೇಡ ಎಂದಿರಲಿಲ್ಲವೇ? ಹಿಂದೆ ಮಡಚುವ ಕುರ್ಚಿಗಳ ರಾಶಿ. ನಾಳಿನ ಪ್ರಾರ್ಥನೆಗೆ ಆಂಟಿಯೇ ಹೇಳಿ ತರಿಸಿರಬೇಕು. ಹೇಮಿ ಪಕ್ಕದ ಬಾಗಿಲಿನಿಂದ ಕುರ್ಚಿಗಳನ್ನು ಒಳಗಿಡುತ್ತಿದ್ದವನು ಚಂದ್ರಹಾಸನನ್ನು ಕಂಡು, ಇಲ್ಲಿನವರು ಮಾಡುವಂತೆ, ಹುಬ್ಬನ್ನಷ್ಟೇ ಮೇಲಕ್ಕೆತ್ತಿ ಇಳಿಸಿದ. ಟವೆಲನ್ನು ನೋಡಿದನೇ? ಚಂದ್ರಹಾಸನೂ ಹುಬ್ಬು ಏರಿಸಿದ. ಅವನು ಮುಂದಿನ ಹೊರೆ ತರಲು ಹೊರಗೆ ಹೋಗುವವರೆಗೆ ನಡುಗುವ ಕೋಣೆಯಲ್ಲಿ ನಿಂತಿದ್ದು, ಆಮೇಲೆ ಹಾಲ್ ದಾಟಿ ಕಲ್ಲನ್ನು ಬುಡದ ಕುಳಿಯಲ್ಲಿಟ್ಟ. ಅದು ತಾನಾಗಿಯೇ ಒಂದಿಷ್ಟು ಹೊರಳಿ ತನ್ನ ಜಾಗ ಹಿಡಿಯಿತು. ಕೃತಿ ಉಜ್ಜಿ ತೊಳೆದಿದ್ದಳು. ಒದ್ದೆಯಾಗಿ, ಕಡುಕಪ್ಪಾಗಿ, ಎಲ್ಲಿಗೂ ಹೋಗದೆ ಇದ್ದ ಕಲ್ಲಿನ ಹಾಗೆ ಕಾಣುತ್ತಿತ್ತು. ಮೂಗು ಹತ್ತಿರ ತಂದ. ಬರೀ ಸೋಪಿನ ವಾಸನೆ. ಗೋಡೆಯ ಬಣ್ಣ ಆರಲೆಂದು ಹೀಟರುಗಳು ಬೆಚ್ಚಗೆ ಉಸಿರಾಡುತ್ತಿದ್ದವು. ಎರಡು ದಿನದಿಂದ ಎದೆಯ ಮೇಲಿದ್ದದ್ದು ಇಳಿಯಿತು ಎಂದುಕೊಂಡ, ನಿಜವಾಗಿ ಇಳಿದಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ.

ಮರುದಿನ ಇನ್ನೂ ಮಬ್ಬಿರುವಾಗಲೇ ಜನ ಹೊರಗೆ ಸೇರಿ, ಹಿರಿಯರ ಹಿಂದೆ ಸಾಲಾಗಿ ಒಳಗೆ ಬಂದರು. ಪ್ರಾರ್ಥನೆಯ ದನಿ ಒಂದೊಂದು ಹೊಸ ಪ್ರದರ್ಶನದ ಮುಂದೆಯೂ ನಿಂತು ನಿಂತು ಮುಂದೆ ಹೋಯಿತು. ನಡುಗುವ ಕೋಣೆಯ ಮುಂದೆಯೂ ನಿಂತಿತು. ಚಂದ್ರಹಾಸ ತಲೆ ತಗ್ಗಿಸಿದ. ಹಾಲ್‌ನ ನಡುವೆ ಬಂದಾಗ ದನಿ ಒಮ್ಮೆಗೇ ನಿಂತುಹೋಯಿತು. ಅವನು ತಲೆಯೆತ್ತಿ ನೋಡಿದ.

ಕಲ್ಲು ಬಿಳಿಯಾಗಿತ್ತು. ಇಡೀ ರಾತ್ರಿಯ ಬಿಸಿಗಾಳಿಗೆ ಒಳಗಿನ ನೀರು ಆರಿ, ಒಂದೊಂದು ತೂತಿನ ಬಾಯಲ್ಲೂ ಉಪ್ಪು ಹೂವಿನ ಹಾಗೆ ಅರಳಿ, ಮೇಲಿನ ನಯವಾದ ಭಾಗದ ಮೇಲೂ ಮಂಜಿನಂತೆ ಹರಡಿತ್ತು. ಒಬ್ಬ ಮುದುಕ ಏನೋ ಗೊಣಗಿದ. ಆದರ್ಶ್ ಪಕ್ಕದಲ್ಲಿದ್ದವನು ಬಗ್ಗಿ ನೋಡಿ, “ಉಪ್ಪ್ರಿ,” ಎಂದ, ಮೆಲ್ಲಗೆ, ಕನ್ನಡದಲ್ಲಿ, ಚಂದ್ರಹಾಸನಿಗೆ ಮಾತ್ರ ಕೇಳುವಂತೆ. ಅಚ್ಚರಿಯಿಂದ ಅಂದದ್ದೋ, ಹೇಳಬೇಕೆಂದೇ ಹೇಳಿದ್ದೋ. ಕೃತಿ ಗಂಡನ ಕಡೆಗೆ ತಿರುಗಲಿಲ್ಲ.

ಆಂಟಿ ಹುಹಾನಾ ಮುಂದೆ ಹೋಗಿ ಕಲ್ಲಿಗೆ ಹಣೆ ಮೂಗು ಹಚ್ಚಿ ನಿಂತಳು, ಮಾವೊರಿಗಳು ಮನೆಗೆ ಬಂದವರನ್ನು ಎದುರುಗೊಳ್ಳುವ ಹಾಗೆ. ಅವಳ ಬೆನ್ನು ಉಸಿರೆಳೆದದ್ದು ಕಾಣಿಸಿತು. ಹಾಗೆಯೇ ಬಹಳ ಹೊತ್ತು ಇದ್ದಳು. ಸೋಪಿನ ಕೆಳಗೆ ಏನಿದೆಯೋ ಅದು ಹತ್ತುವಷ್ಟು ಹೊತ್ತು ಎಂದು ಚಂದ್ರಹಾಸನಿಗೆ ಅನ್ನಿಸಿತು. ನೆಟ್ಟಗಾದಾಗ ಅವಳ ಮೂಗಿನ ತುದಿ ಬಿಳಿಯಾಗಿತ್ತು. ಎಲ್ಲಿಗೋ ಹೋಗಿ ಬಂದಿದ್ದಾನೆ ಎಂದಳು, ಯಾರಿಗೂ ಅಲ್ಲದಂತೆ. ಪ್ರಾರ್ಥನೆ ಮುಂದುವರಿಯಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಲ್ಲನ್ನು ಮುಟ್ಟಿ ಬಾಗಿಲ ಕಡೆ ನಡೆದರು. ಚಂದ್ರಹಾಸನೂ ಮುಟ್ಟಿದ. ಅಂಗೈಗೆ ಉಪ್ಪಿನ ಹರಳು ಒತ್ತಿದವು.

ಬಾಗಿಲಲ್ಲಿ ಆಂಟಿ ಹುಹಾನಾ ಬಾಟಲಿ ಹಿಡಿದು ನಿಂತಿದ್ದಳು. ಈವರೆಗೆ ಎಲ್ಲರೂ ತಾವೇ ತೊಳೆದುಕೊಳ್ಳುತ್ತಿದ್ದರು. ಇವತ್ತು ಅವಳೇ ಸುರಿಯುತ್ತಿದ್ದಳು. ಎಲ್ಲರಿಗೂ ಹಾಗೆಯೋ, ತನ್ನ ಸರದಿ ಬಂತೆಂದೋ? ಅವನ ಮುಂದೆ ಕಾಲಿನ್, ಕಾಲಿನ್‌ನ ಆಚೆ ಬಾಗಿಲಿಗೆ ಆನಿಸಿಕೊಂಡು ಹೇಮಿ. ಕಾಲಿನ್ ಒದ್ದೆ ಕೈ ಒರೆಸಿಕೊಳ್ಳುತ್ತ ಹೇಮಿಯ ತೋಳು ತಟ್ಟಿದ. ತಂದಿಟ್ಟದ್ದು ಒಳ್ಳೆಯದಾಯಿತು, ನಾನೇನೂ ಕೇಳುವುದಿಲ್ಲ, ಇಲ್ಲಿಗೆ ಬಿಟ್ಟುಬಿಡೋಣ ಎಂದ. ದಯೆಯಿಂದಲೇ ಅಂದ. ಸುತ್ತ ಇದ್ದವರಿಗೆ ಕೇಳಿಸಿತು. ನಿನ್ನೆ ಸಂಜೆ ಯಾರ ಗಾಡಿ ಇಲ್ಲಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಹೇಮಿಯ ಮುಖ ಒಂದು ಗಳಿಗೆ ಏನೂ ಅರ್ಥವಾಗದೆ ತೆರೆದುಕೊಂಡಿತು, ಮತ್ತೆ ಮುಚ್ಚಿಕೊಂಡಿತು. ಅವನ ಕಣ್ಣು ಕಾಲಿನ್‌ನ ಭುಜ ದಾಟಿ ಚಂದ್ರಹಾಸನ ಮೇಲೆ ಬಂದು ನಿಂತಿತು. ಹುಬ್ಬು ಈ ಸಲ ಏಳಲಿಲ್ಲ.

ಈಗ ಹೇಳಬೇಕು, ಒಂದೇ ವಾಕ್ಯ, ಎಂದು ಚಂದ್ರಹಾಸ ಬಾಯಿ ತೆರೆಯುವಷ್ಟರಲ್ಲಿ ಆಂಟಿ ಬಾಟಲಿ ಬಗ್ಗಿಸಿದಳು. ಅವನ ಬಲಗೈ ತಾನಾಗಿ ಮುಂದೆ ಚಾಚಿ, ಎಡಗೈ ಅದರಡಿಗೆ ಹೋಗಿ, ಅಂಗೈ ಕುಳಿಯಾಯಿತು. ಹಿರಿಯರು ಸುರಿದ ನೀರಿಗೆ ಅವನ ಕೈ ಹುಟ್ಟಿದಂದಿನಿಂದ ಕಲಿತದ್ದು ಅದೊಂದನ್ನೇ. ನೀರು ತುಂಬಿತು. ತಲೆ ಬಾಗಿತು. ಕೃತಿ ಹಿಂದಿನಿಂದ ಮೆಲ್ಲಗೆ ಅವನ ಹೆಸರು ಹಿಡಿದು ಕರೆದಳು, ಆದರೆ ಅಷ್ಟರಲ್ಲಿ ಅವನು ಅದನ್ನು ಬಾಯಿಗೆ ಹೊಯ್ದುಕೊಂಡಿದ್ದ.

ಎಲ್ಲರೂ ನೋಡುತ್ತಿದ್ದರು. ಆಂಟಿ ಹುಹಾನಾ ಬಾಟಲಿಯನ್ನು ನೆಟ್ಟಗೆ ಹಿಡಿದು, ಅವನ ಒದ್ದೆ ತುಟಿಯನ್ನು ನೋಡುತ್ತ ಕಾದಳು. ಹೇಮಿಯೂ ಕಾದ. ಬಾಯಿತುಂಬ ಉಪ್ಪು, ಅದರ ಹಿಂದೆ ನಾಲಿಗೆಗೆ ಬಹಳ ಪರಿಚಯದ ಆ ಕಾಯಿಯ ಒಗರು. ಉಗುಳಿದರೆ ಮಾತಾಡಬಹುದಿತ್ತು. ಚಂದ್ರಹಾಸ ನುಂಗಿದ; ಒದ್ದೆ ಕೈಯನ್ನು, ಅಭ್ಯಾಸದಂತೆ, ತಲೆಗೆ ಒರೆಸಿಕೊಂಡ; ಹಿಂದಿನವರಿಗೆ ದಾರಿ ಬಿಟ್ಟು ಹೊರಗೆ ನಡೆದ.